ಎಣಿಸಿಯೂ ಹೇಳದ ಪೆಟ್ಟಿಗೆ

ಚಳ್ಳಕೆರೆ,
11 ಜನವರಿ 2026, ಭಾನುವಾರ

ಪ್ರೀತಿಯ ತಾತನಿಗೆ ನಿನ್ನ ಪುಷ್ಪಿಯ ನಮಸ್ಕಾರಗಳು.

ಹೇಗಿದ್ದೀಯ ತಾತ? ಮಂಡಿ ನೋವು ಕಡಿಮೆಯಾಯಿತಾ? ನೀನು ಮಂದೆ ಹೊಡೆದುಕೊಂಡು ಹೋಗಿರುವ ರಾಯದುರ್ಗದ ಕಡೆ ರಾತ್ರಿ ಗಾಳಿ ಮೂಳೆಗೆ ಇಳಿಯುತ್ತದೆ ಎಂದು ಗಾದ್ರಪ್ಪಣ್ಣ ಹೇಳಿದ. ಹಿಟ್ಟು, ಉಪ್ಪಿನ ಜೊತೆಗೆ ಅವನ ಗಾಡಿಯಲ್ಲಿ ಮಂಡಿಗೆ ಹಚ್ಚುವ ಎಣ್ಣೆಯನ್ನೂ ಕಳಿಸಿದ್ದೇನೆ. ಹಚ್ಚಿಕೊಂಡು ಬಿಸಿನೀರಿನ ಬಟ್ಟೆ ಕಟ್ಟಬೇಕು, ಸುಮ್ಮನೆ ಸವರಿಕೊಂಡು ಮಲಗಿಬಿಡಬೇಡ. ಹಬ್ಬಕ್ಕೆ ನೀನು ಊರಲ್ಲಿಲ್ಲ ಎಂದು ಅವ್ವ ಎಳ್ಳು ಬೆಲ್ಲ ಕಟ್ಟಿಕೊಟ್ಟಿದ್ದಾಳೆ, ಅದರಲ್ಲಿ ಕೊಬ್ಬರಿ ಹೆಚ್ಚಿದೆ, ನಿಧಾನಕ್ಕೆ ಅಗಿ. ಕುರಿಗಳು ಚೆನ್ನಾಗಿವೆಯಾ? ಎಷ್ಟಿವೆ ಎಂದು ಕೇಳುತ್ತಿಲ್ಲ, ಗಾಬರಿಯಾಗಬೇಡ. ಚೆನ್ನಾಗಿವೆಯಾ ಎಂದಷ್ಟೇ ಕೇಳುತ್ತಿದ್ದೇನೆ. ಕೆಂಚಿಗೆ ದಿನ ತುಂಬಿರಬೇಕಲ್ಲ? ಬೋರಿ ಈಗಲೂ ಎಲ್ಲರಿಗಿಂತ ಹಿಂದೆ ಉಳಿಯುತ್ತದಾ?

ಯರ್ರಪ್ಪ ಚಿಕ್ಕಪ್ಪ, ಈ ಕಾಗದವನ್ನು ತಾತನಿಗೆ ಓದಿ ಹೇಳುವವನು ನೀನೇ ಎಂದು ಗೊತ್ತು. ಬರೆದದ್ದನ್ನು ಬರೆದ ಹಾಗೇ ಓದು. ಹೋದ ವರ್ಷ ಅವ್ವ ಬರೆಸಿದ ಕಾಗದದಲ್ಲಿ ಹಿತ್ತಲ ಬೇವಿನ ಮರ ಬಿದ್ದ ಸುದ್ದಿಯನ್ನು ನೀನು ಓದದೆ ನುಂಗಿಬಿಟ್ಟೆ. ತಾತ ಊರಿಗೆ ಬಂದು ಬಿಸಿಲಲ್ಲಿ ನಿಂತು, ‘ಮರ ಎಲ್ಲೋ?’ ಎಂದಾಗ ನಮ್ಮೆಲ್ಲರ ಮುಖ ನೋಡುವ ಹಾಗಿತ್ತು. ಈ ಕಾಗದದಲ್ಲಿಯೂ ತಾತನಿಗೆ ಕಹಿಯಾಗುವ ಮಾತು ಒಂದಿದೆ. ಅಲ್ಲಿ ನೀನು ಕೆಮ್ಮಿಕೊಂಡು ಮುಂದಿನ ಸಾಲಿಗೆ ಹಾರಬಾರದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಚಿಕ್ಕಪ್ಪ ಫೋನನ್ನು ನಿನ್ನ ಕಿವಿಗೆ ಹಿಡಿದರೆ ನೀನು ‘ಹೂಂ’ ಅನ್ನುತ್ತೀಯ, ಆಮೇಲೆ ಸುಮ್ಮನಾಗುತ್ತೀಯ. ಆ ಸುಮ್ಮನಿರುವುದು ಒಪ್ಪಿ ಸುಮ್ಮನಿರುವುದೋ, ಸಿಟ್ಟಾಗಿ ಸುಮ್ಮನಿರುವುದೋ ನನಗೆ ಇವತ್ತಿನವರೆಗೂ ತಿಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ಇಷ್ಟು: ಮೊಳಕಾಲ್ಮುರಿನಲ್ಲಿ ನನಗೆ ಒಂದು ಕೆಲಸ ಸಿಗುವ ಹಾಗಿದೆ. ನಾನು ಜೀವನದಲ್ಲಿ ಮೊದಲ ಸಲ ಬೇಕೇ ಬೇಕು ಎಂದುಕೊಂಡ ಕೆಲಸ. ಅದು ಸಿಗುವುದೂ ತಪ್ಪುವುದೂ ಈಗ ನಿನ್ನ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತು ಏನೆಂದು ಮೊದಲೇ ಕೇಳಿದರೆ ನೀನು ಎದ್ದು ಕುರಿಗಳ ಕಡೆ ಹೋಗಿಬಿಡುತ್ತೀಯ. ಅದಕ್ಕೆ ಮೊದಲಿನಿಂದ ಹೇಳುತ್ತೇನೆ, ಕೂತು ಕೇಳು.

ನಿನಗೆ ನೆನಪಿದೆಯಾ? ನಾನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ರಜೆಯಲ್ಲಿ ಉಳ್ಳಾರ್ತಿ ಕಾವಲಿನಲ್ಲಿ ವಿಮಾನ ಪರೀಕ್ಷಿಸುವ ಜಾಗದ ಬೇಲಿ ಪಕ್ಕ ನಿನ್ನ ಜೊತೆ ಕುರಿ ಹಿಂದೆ ಬಂದಿದ್ದೆ. ತಲೆಯ ಮೇಲೆ ಮನುಷ್ಯರಿಲ್ಲದ ವಿಮಾನವೊಂದು ಹಾರಿತು. ನೀನು ಹಣೆಗೆ ಕೈ ಅಡ್ಡ ಹಿಡಿದು ಅದು ಚುಕ್ಕಿಯಾಗುವವರೆಗೂ ನೋಡಿ, ‘ಒಳಗೆ ಯಾರೂ ಇಲ್ದೆ ಅದಕ್ಕೆ ದಾರಿ ಹೆಂಗ್ ಗೊತ್ತಾಗ್ತತೆ ಪುಷ್ಪಿ?’ ಎಂದೆ. ಶಾಲೆಯಲ್ಲಿ ಕೇಳಿದೆ. ಅದು ಪಾಠದಲ್ಲಿ ಇಲ್ಲ, ಪರೀಕ್ಷೆಗೆ ಬರಲ್ಲ ಎಂದರು. ಈಗ ನನಗೆ ಸ್ವಲ್ಪ ಗೊತ್ತಾಗಿದೆ ತಾತ. ಅದರೊಳಗೆ ಶೇಂಗಾ ಬೀಜಕ್ಕಿಂತ ಚಿಕ್ಕ ಚಿಪ್ ಕೂತಿರುತ್ತದೆ. ಅದೂ ಒಂದು ಕಂಪ್ಯೂಟರೇ. ಆದರೆ ಮೇಜಿನ ಮೇಲೆ ಇರುವಂಥದ್ದಲ್ಲ, ಪರದೆ ಇಲ್ಲ, ಕೀಲಿಮಣೆ ಇಲ್ಲ. ಒಂದು ವಸ್ತುವಿನ ಹೊಟ್ಟೆಯಲ್ಲಿ ಕೂತು ಆ ವಸ್ತುವಿನ ಕೆಲಸವನ್ನಷ್ಟೇ ಹಗಲು ರಾತ್ರಿ ಮಾಡಿಕೊಂಡಿರುತ್ತದೆ. ಏನು ಮಾಡಬೇಕೆಂದು ಅದಕ್ಕೆ ಬರೆದುಕೊಡುವವರು ಬೇಕಲ್ಲ, ಆ ಕೆಲಸವನ್ನು ಎಂಬೆಡೆಡ್ ಸಾಫ್ಟ್‌ವೇರ್ ಎನ್ನುತ್ತಾರೆ. ನಾನು ಇಂಟರ್‌ವ್ಯೂಗೆ ತಯಾರಾಗುತ್ತಿರುವುದು ಅದಕ್ಕೆ.

ನಾನು ಕೆಲಸ ಬಿಡುವುದರಲ್ಲಿ ಹೆಸರುವಾಸಿ ಎಂದು ನಿನಗೆ ಗೊತ್ತು. ಸೀರೆ ಅಂಗಡಿ ಬಿಟ್ಟೆ, ಈರುಳ್ಳಿ ಮಂಡಿ ಬಿಟ್ಟೆ, ಬ್ಯೂಟಿ ಪಾರ್ಲರಿನಲ್ಲಿ ಒಂದು ಹಗಲು ಪೂರ್ತಿ ನಿಲ್ಲಲಿಲ್ಲ. ಮುರುಗೇಂದ್ರಪ್ಪನವರ ಮೋಟಾರ್ ರಿಪೇರಿ ಅಂಗಡಿಗೆ ಸೇರಿದಾಗ ಅವ್ವ, ‘ಇದನ್ನ ಯಾವಾಗ ಬಿಡ್ತೀಯ ಅಂತ ಮೊದ್ಲೇ ಹೇಳ್ಬಿಡು, ಬುತ್ತಿ ಕಟ್ಟೋದು ನಿಲ್ಲಿಸ್ತೀನಿ’ ಎಂದಿದ್ದಳು. ಅಲ್ಲಿಗೆ ಬೋರ್‌ವೆಲ್ ಸ್ಟಾರ್ಟರ್‌ಗಳು ಬರುತ್ತವೆ. ರೈತ ಮನೆಯಲ್ಲಿ ಕೂತು ಫೋನ್ ಮಾಡಿದರೆ ಹೊಲದಲ್ಲಿ ಮೋಟಾರು ತಾನೇ ಶುರುವಾಗುವ ಪೆಟ್ಟಿಗೆಗಳು. ಒಂದು ದಿನ ಪರಶುರಾಂಪುರದ ಕಡೆಯಿಂದ ಇರುವೆ ಗೂಡು ಕಟ್ಟಿದ ಪೆಟ್ಟಿಗೆ ಬಂತು. ಬ್ರಷ್ಷಿನಲ್ಲಿ ಮಣ್ಣು ತೆಗೆಯುತ್ತಾ ಹೋದೆ, ಅಡಿಯಲ್ಲಿ ಆ ಕಪ್ಪು ಚಿಪ್. ‘ಇದೇನು ಮಾಡ್ತತೆ ಸಾರ್?’ ಎಂದು ಕೇಳಿದೆ. ‘ಅದೇ ಕಣಮ್ಮ ಎಲ್ಲಾ ಮಾಡೋದು. ಸುಟ್ಟೋದ್ರೆ ಬದಲಾಯಿಸ್ಬೇಕು, ಏನು ಎತ್ತ ಅಂತ ಕೇಳ್ಬಾರ್ದು’ ಎಂದರು. ಕೇಳಬಾರದು ಎಂದದ್ದನ್ನು ಕೇಳದೆ ಇರುವವಳಾಗಿದ್ದರೆ ನಾನು ಇವತ್ತು ಶಾಲೆ ಮುಗಿಸಿರುತ್ತಿದ್ದೆ.

ನಮ್ಮ ಬೀದಿಯ ಶ್ರುತಿ ಡಿಪ್ಲೊಮಾ ಓದುತ್ತಾಳಲ್ಲ, ಅವಳ ಹಳೇ ಲ್ಯಾಪ್‌ಟಾಪು, ಅವಳ ಪುಸ್ತಕ, ಒಂದು ಪುಟ್ಟ ಬೋರ್ಡು, ಇವುಗಳ ಮುಂದೆ ಕೂತೆ. ಮೊದಲು ನಾನು ಅದಕ್ಕೆ ಬರೆದದ್ದು ಇಷ್ಟೇ: ದೀಪ ಹಚ್ಚು, ಸ್ವಲ್ಪ ತಡಿ, ಆರಿಸು, ಸ್ವಲ್ಪ ತಡಿ, ಮತ್ತೆ ಹಚ್ಚು. ಒತ್ತಿದೆ. ಸಾಸಿವೆಯಷ್ಟು ದೀಪ ಹತ್ತಿತು, ಆರಿತು, ಹತ್ತಿತು. ನಾನು ಕೂಗಲಿಲ್ಲ, ನಗಲಿಲ್ಲ. ಕೈಯಲ್ಲಿ ಆಗಷ್ಟೇ ಹುಟ್ಟಿದ ಮರಿ ಹಿಡಿದ ಹಾಗೆ ಕೂತಿದ್ದೆ. ನಾನು ಹೇಳಿದ್ದನ್ನು ಹೇಳಿದ ಹಾಗೇ ಕೇಳಿದ ಮೊದಲ ವಸ್ತು ಅದು. ತಪ್ಪು ಹೇಳಿದರೆ ಆ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡುತ್ತದೆ. ದಾಕ್ಷಿಣ್ಯಕ್ಕೆ ಸುಳ್ಳು ಹೇಳುವುದು ಅದಕ್ಕೆ ಗೊತ್ತಿಲ್ಲ. ನನಗೂ ಅದಕ್ಕೂ ಹೊಂದಿದ್ದು ಅಲ್ಲೇ ಇರಬೇಕು.

ಆಮೇಲೆ ಅದಕ್ಕೆ ನಿದ್ದೆ ಮಾಡಿಸುವುದನ್ನು ಕಲಿತೆ. ನಗಬೇಡ. ಸುಮ್ಮನೆ ಎಚ್ಚರವಿದ್ದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಅದಕ್ಕೆ ಕೆಲಸವಿಲ್ಲದಾಗ ಮಲಗು ಎಂದು ಬರೆಯಬೇಕು. ಆದರೆ ಒಂದು ತಂತಿಯ ಮೇಲೆ ಮಾತ್ರ ಕಿವಿ ಇಟ್ಟು ಮಲಗುತ್ತದೆ. ಆ ತಂತಿ ಮಿಸುಕಿದರೆ ಕಣ್ಣು ಬಿಟ್ಟು, ಮಾಡಬೇಕಾದ್ದನ್ನು ಮಾಡಿ, ಮತ್ತೆ ಮಲಗುತ್ತದೆ. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಶ್ರುತಿಗೆ ಅದು ತರಗತಿಯಲ್ಲಿ ತಲೆಗೆ ಹತ್ತಿರಲಿಲ್ಲವಂತೆ. ನನಗೆ ಓದಿದ ತಕ್ಷಣ ಹತ್ತಿತು, ಏಕೆಂದರೆ ನಾನು ಅದನ್ನು ಕಣ್ಣಾರೆ ನೋಡಿದ್ದೆ. ಹಿರಿಯೂರು ರಸ್ತೆಯ ಪಕ್ಕ ಮಂದೆ ಹಾಕಿದ್ದಾಗ ಲಾರಿಗಳು ಕೂಗಿಕೊಂಡು ಹೋಗುತ್ತಿದ್ದರೂ ನೀನು ಗೊರಕೆ ಹೊಡೆಯುತ್ತಿದ್ದೆ. ಕುರಿ ಕೂಡುವ ರೊಪ್ಪದ ಮೂಲೆಯಲ್ಲಿ ಒಂದು ಮರಿ ಕೆಮ್ಮಿದರೆ ಎದ್ದು ಕೂರುತ್ತಿದ್ದೆ. ಇಷ್ಟು ಚಿಕ್ಕ ಕಲ್ಲಿನ ಚೂರಿಗೆ ನಿನ್ನ ನಿದ್ದೆಯನ್ನು ಕಲಿಸಿದವರು ಯಾರು ತಾತ? ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಪಾಠ ಹೇಳುತ್ತೇನೆ, ಇದು ಮುಂದೆ ಬೇಕಾಗುತ್ತದೆ. ಒಂದು ಸಲ ನನ್ನ ದೀಪ ಹುಚ್ಚು ಹಿಡಿದ ಹಾಗೆ ಆಡತೊಡಗಿತು. ನಾನು ಕೈ ಹತ್ತಿರ ತಂದರೆ ಹತ್ತುತ್ತದೆ, ಎದ್ದು ನಿಂತರೆ ಆರುತ್ತದೆ, ಸುಮ್ಮನಿದ್ದರೂ ಮಿಣುಕುತ್ತದೆ. ದೆವ್ವ ಹೊಕ್ಕಿತೇನೋ ಎಂದುಕೊಂಡೆ. ಶ್ರುತಿ ನೋಡಿ, ‘ಏ ಕೋತಿ, ಈ ತಂತೀನ ಯಾವುದಕ್ಕೂ ಕಟ್ಟೇ ಇಲ್ವಲ್ಲೇ, ಗಾಳೀಲಿ ಬಿಟ್ಟೀಯ. ಹೌದು ಅಂತಾನಾದ್ರೂ ಕಟ್ಟು, ಇಲ್ಲ ಅಂತಾನಾದ್ರೂ ಕಟ್ಟು. ಹಂಗೇ ಬಿಟ್ರೆ ಅದು ಒಂದೊಂದು ಸಲ ಒಂದೊಂದು ಓದ್ಕಂತತೆ’ ಎಂದಳು. ಬಿಟ್ಟ ತಂತಿ ಇಲ್ಲ ಎಂದು ಹೇಳುವುದಿಲ್ಲ ತಾತ. ಅದು ಏನನ್ನೂ ಹೇಳುವುದಿಲ್ಲ, ಪಾಪದ ಚಿಪ್ ತಾನೇ ಏನೇನೋ ಊಹಿಸಿಕೊಂಡು ಒದ್ದಾಡುತ್ತದೆ. ನಾನು ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಬಂದ ದಿನ ಅಪ್ಪ ಬೈದ, ಅವ್ವ ಅತ್ತಳು. ನೀನು ನನ್ನ ಮುಖ ನೋಡಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಕುರಿ ಹೊಡೆದುಕೊಂಡು ಹೋದೆ. ಅಂದಿನಿಂದ ನಾನು ಆ ಮೌನವನ್ನು ಒಂದೊಂದು ದಿನ ಒಂದೊಂದು ಥರ ಓದಿಕೊಳ್ಳುತ್ತಾ ಇದ್ದೇನೆ.

ಮೊಳಕಾಲ್ಮುರಿನ ಕೆಲಸದ ಸುದ್ದಿ ತಂದವರು ಮುರುಗೇಂದ್ರಪ್ಪನವರು. ಅಲ್ಲಿ ಅಶ್ವಥ್ ಎನ್ನುವವರೊಬ್ಬರು, ರೇಷ್ಮೆ ಸೀರೆ ನೇಯುವ ಮನೆಯವರು, ಮಗ್ಗದ ಮೇಲೆ ಕೂರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಮಾಡುತ್ತಾರೆ. ಅವರಿಗೆ ಒಬ್ಬರು ಬೇಕಂತೆ. ಎಷ್ಟು ಓದಿದ್ದರೂ ಸರಿ, ಸ್ವಂತವಾಗಿ ಮಾಡಿದ ಒಂದು ವಸ್ತು ತಂದು ತೋರಿಸಬೇಕು ಎಂದಿದ್ದರಂತೆ. ಅಂಗಡಿ ಬಾಗಿಲು ಮುಚ್ಚಿದ ಮೇಲೆ ಶ್ರುತಿ ಮೇಡಂ ಆಗಿ ಕೂರುವುದು, ನಾನು ಎದುರಿಗೆ ಸ್ಟೂಲಿನ ಮೇಲೆ ಕೂರುವುದು, ಹೀಗೆ ಅಭ್ಯಾಸ ನಡೆಯಿತು. ಓದು ಯಾಕೆ ಬಿಟ್ಟೆ ಎಂದು ಕೇಳಿಯೇ ಕೇಳುತ್ತಾರೆ, ‘ಮನೇಲಿ ಕಷ್ಟ ಇತ್ತು ಅನ್ನು’ ಎಂದು ಅವಳ ಹಟ. ‘ಕಷ್ಟ ಇರ್ಲಿಲ್ವಲ್ಲೇ. ನಂಗೇ ಕೂರಕ್ಕಾಗ್ಲಿಲ್ಲ’ ಎಂದೆ. ‘ಡಿಪ್ಲೊಮಾ ಸೇರಿ ಬಿಟ್ಟೆ ಅನ್ನು, ಯಾರ್ ಬಂದು ನೋಡ್ತಾರೆ?’ ಎಂದಳು. ನಾನು ನೋಡುತ್ತೇನಲ್ಲ ಎಂದೆ. ‘ನಿನ್ ಸತ್ಯಾನ ತಗೊಂಡೋಗಿ ಉಪ್ಪಿನಕಾಯಿ ಹಾಕ್ಕೋ ಹೋಗೇ’ ಎಂದು ಪೆನ್ನು ಎಸೆದಳು. ಮುರುಗೇಂದ್ರಪ್ಪನವರು ಮೂಲೆಯಲ್ಲಿ ಕಾಯಿಲ್ ಸುತ್ತುತ್ತಾ, ‘ಸುಮ್ನಿರ್ರೇ, ಇವ್ಳು ಸುಳ್ಳು ಹೇಳಿದ್ರೆ ಮುಖದಾಗೇ ಇಂಡಿಕೇಟರ್ ಹತ್ಕಂತತೆ’ ಎಂದರು.

ಏನು ಮಾಡಿ ತೋರಿಸುವುದು? ಇಲ್ಲಿಗೆ ಕಹಿ ಮಾತು ಬಂತು. ಚಿಕ್ಕಪ್ಪ, ದನಿ ತಗ್ಗಿಸಬೇಡ, ಓದು. ತಾತ, ನಿನ್ನ ಕಣ್ಣಿಗೆ ಪೊರೆ ಬಂದಿದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ದೀಪಾವಳಿಗೆ ಮಂದೆ ಊರಿಗೆ ಬಂದಾಗ ಅಂಗಳದಲ್ಲಿ ನಿಂತಿದ್ದ ನನ್ನನ್ನು ನೀನು ‘ಓಬಳಮ್ಮ’ ಎಂದು ಅವ್ವನ ಹೆಸರಿಂದ ಕರೆದೆ. ಸಂಜೆ ಕುರಿ ತುಂಬುವಾಗ ನೀನು ಬಾಗಿಲ ಪಕ್ಕ ನಿಂತು ಒಂದೊಂದರ ಬೆನ್ನ ಮೇಲೂ ಕೈ ಆಡಿಸಿ ಒಳಗೆ ಬಿಡುತ್ತೀಯಲ್ಲ, ಮೊದಲೆಲ್ಲ ಅದು ಮುದ್ದಿಗೆ. ಈಗ ಅದು ಗುರುತಿಗೆ. ಒಂದು ಸಂಜೆ ಬೋರಿ ಹೊರಗೇ ಉಳಿದಿತ್ತು. ಚಿಕ್ಕಪ್ಪ ಸದ್ದಿಲ್ಲದೆ ಹೋಗಿ ಹಿಡಿದು ತಂದು ಹಿಂದಿನಿಂದ ಬೇಲಿ ಎತ್ತಿ ಒಳಗೆ ಬಿಟ್ಟ, ನಿನಗೆ ತಿಳಿಯದಿರಲಿ ಎಂದು. ನಿನಗೆ ತಿಳಿಯಿತು. ಆ ರಾತ್ರಿ ನೀನು ಹಸಿವಿಲ್ಲ ಎಂದು ಮಲಗಿದೆ. ನಾನು ಆ ತಟ್ಟೆಯನ್ನು ಎತ್ತಿಡುತ್ತಾ, ಮಾಡಿದರೆ ಇದಕ್ಕೊಂದು ವಸ್ತು ಮಾಡಬೇಕು ಎಂದುಕೊಂಡೆ.

ಹಾಗೆ ಶುರುವಾಯಿತು ನನ್ನ ಪೆಟ್ಟಿಗೆ. ರೊಪ್ಪದ ಬಾಗಿಲಿನ ಎರಡು ಗೂಟಗಳ ನಡುವೆ ಕಣ್ಣಿಗೆ ಕಾಣದ ಎರಡು ಬೆಳಕಿನ ಎಳೆ. ಕುರಿ ದಾಟುವಾಗ ಯಾವ ಎಳೆ ಮೊದಲು ಕಡಿಯುತ್ತದೋ ಅದರ ಮೇಲೆ ಕುರಿ ಒಳಗೆ ಹೋಯಿತೋ ಹೊರಗೆ ಬಂತೋ ಚಿಪ್‌ಗೆ ತಿಳಿಯುತ್ತದೆ. ಕುರಿ ಅರ್ಧ ಬಂದು ಅನುಮಾನಿಸಿ ಹಿಂದೆ ಸರಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಅದನ್ನು ಬರೆಯುವುದರಲ್ಲೇ ನನ್ನ ಅರ್ಧ ಕೂದಲು ಉದುರಿತು. ಮನೆಯಲ್ಲಿ ಬಿಟ್ಟು ಹೋಗಿರುವ ಬಾಣಂತಿ ಕುರಿಗಳ ಮೇಲೆ ಪ್ರಯೋಗ ನಡೆಯಿತು. ಮೊದಲ ಸಂಜೆ ಪೆಟ್ಟಿಗೆಯ ಮೇಲಿನ ಪುಟ್ಟ ಗಾಜಿನಲ್ಲಿ ಕೆಂಪು ಅಂಕಿಗಳು ಒಂದೊಂದೇ ಏರಿದವು. ನಾನು ಹಿಗ್ಗಿ ಅವ್ವನನ್ನು ಕರೆದೆ. ಅವಳು ನೋಡಿದಳು, ಮುಖ ಬಿಳಿಚಿತು, ಓಡಿ ಬಂದು ಸೆರಗನ್ನೇ ಪೆಟ್ಟಿಗೆಯ ಮೇಲೆ ಹಾಕಿ ಮುಚ್ಚಿದಳು. ‘ಹೊತ್ತು ಮುಳುಗೋ ಹೊತ್ನಾಗೆ ಕುರಿ ಎಣಿಸ್ತೀಯೇನೇ ಮುಂಡೇದೆ! ನಿಮ್ಮ ತಾತ ಹುಟ್ಟಿದಾಗಿಂದ ಒಂದು ಸಲ ಎಣಿಸಿಲ್ಲ. ಯಾರಾನ ಕೇಳಿದ್ರೆ ಮೇಲಕ್ಕೆ ಕೈ ಮುಗಿದು, ಅಯ್ಯ ಕೊಟ್ಟಷ್ಟು ಅವೆ ಅಂತಾನೆ. ನೀನು ಅಂಕಿ ಹಾಕಿ ಬೀದಿಗೆ ತೋರಿಸ್ತೀಯ!’ ಉಪ್ಪು ಮೆಣಸಿನಕಾಯಿ ತಂದು ಕುರಿಗಳಿಗೆ ದೃಷ್ಟಿ ತೆಗೆದಳು. ಕೊನೆಗೆ ಏನನ್ನಿಸಿತೋ, ಪೆಟ್ಟಿಗೆಗೂ ಒಂದು ಸುತ್ತು ನೀವಾಳಿಸಿ ಆ ಉಪ್ಪು ಮೆಣಸಿನಕಾಯಿಯನ್ನು ಒಲೆಗೆ ಹಾಕಿದಳು.

ನನಗೆ ಸಿಟ್ಟು ಬಂತು ತಾತ, ಸುಳ್ಳು ಹೇಳುವುದಿಲ್ಲ. ಎಣಿಸಿದರೆ ಕುರಿ ಕಡಿಮೆಯಾಗುತ್ತದೆ ಎನ್ನುವುದನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಕುರಿ ನಿನ್ನವು. ನಿನ್ನ ಬಾಗಿಲಿಗೆ ಮಾಡಿದ ಪೆಟ್ಟಿಗೆ ನಿನ್ನ ಬಾಗಿಲಿನ ನಡತೆ ಕಲಿಯಬೇಕು. ಅಂಕಿಯ ಗಾಜನ್ನು ಕಿತ್ತುಹಾಕಿದೆ. ಈಗ ಅದು ಬೆಳಿಗ್ಗೆ ಹೋದದ್ದನ್ನೂ ಸಂಜೆ ಬಂದದ್ದನ್ನೂ ತನ್ನೊಳಗೇ ಹಿಡಿದುಕೊಂಡು, ಎರಡೂ ಸರಿಹೋದರೆ ಹಸಿರು ದೀಪ ಹಚ್ಚುತ್ತದೆ. ಬಂದದ್ದು ಕಡಿಮೆಯಿದ್ದರೆ ಕೆಂಪು ದೀಪ ಹಚ್ಚಿ, ಕಾಣೆಯಾದ ಒಂದೊಂದಕ್ಕೂ ಒಂದು ಕೂಗು ಹಾಕುತ್ತದೆ. ಎಷ್ಟಿವೆ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ, ಮಾಡಿದ ನನಗೂ ಹೇಳುವುದಿಲ್ಲ. ಮುಂಜಾನೆ ಎಲ್ಲ ಮರೆತು ಹೊಸದಾಗಿ ಶುರು ಮಾಡುತ್ತದೆ. ಮೊದಲ ಹಸಿರು ದೀಪ ಹತ್ತಿದ ಸಂಜೆ ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದೆ. ಅದಕ್ಕೆ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ನೀನೇ ಪೆಟ್ಟಿಗೆಯೊಳಗೆ ಕೂತ ಹಾಗಿತ್ತು. ಅವ್ವ ದೂರದಿಂದಲೇ ಬಗ್ಗಿ ನೋಡಿ, ‘ಇದು ಮನೆತನಸ್ತರ ಪೆಟ್ಟಿಗೆ’ ಎಂದಳು.

ಮೊನ್ನೆ ಶುಕ್ರವಾರ ಮೊಳಕಾಲ್ಮುರಿಗೆ ಹೋದೆ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಪಕ್ಕದ ಅಜ್ಜಿ, ‘ಕೋಳಿ ಐತೇನಮ್ಮ ಅದ್ರಾಗೆ?’ ಎಂದಳು. ಅಶ್ವಥ್ ಅವರ ಮನೆಯ ಮುಂದಿನ ಪಡಸಾಲೆಯಲ್ಲಿ ಅವರ ಅಪ್ಪ ಗುಂಡಿ ಮಗ್ಗದಲ್ಲಿ ಕೂತು ನೇಯುತ್ತಿದ್ದರು. ಮಗ್ಗದ ನೆತ್ತಿಯ ಮೇಲೆ ಇವರು ಮಾಡಿದ ಪೆಟ್ಟಿಗೆ. ಕಾಲಲ್ಲಿ ಒಂದು ಸಲ ಒತ್ತಿದರೆ ಸಾಕು, ಮೇಲಿನಿಂದ ಇಳಿದ ನೂರಾರು ದಾರಗಳಲ್ಲಿ ಯಾವುದು ಏಳಬೇಕೋ ಅದಷ್ಟೇ ಏಳುತ್ತದೆ, ಉಳಿದವು ಅ‌ಲ್ಲಾಡುವುದಿಲ್ಲ. ಲಾಳಿ ಆಚೆ ಹೋಗುತ್ತದೆ. ಮತ್ತೆ ಒತ್ತಿದರೆ ಬೇರೆ ದಾರಗಳು. ನೋಡ ನೋಡುತ್ತಾ ಸೆರಗಿನ ಮೇಲೆ ಒಂದು ನವಿಲಿಗೆ ಕಾಲು ಬಂತು, ಹೊಟ್ಟೆ ಬಂತು, ಕೊರಳು ಬಾಗಿತು. ಹಿಂದೆ ಇದೇ ಕೆಲಸಕ್ಕೆ ತೂತು ಕೊರೆದ ರಟ್ಟಿನ ಮಾಲೆಗಳನ್ನು ತೂಗುಹಾಕುತ್ತಿದ್ದರಂತೆ. ನಾನು ಬಂದದ್ದು ಇಂಟರ್‌ವ್ಯೂಗೆ ಎನ್ನುವುದನ್ನೇ ಮರೆತು ಬಾಯಿ ತೆರೆದು ನಿಂತಿದ್ದೆ. ಹೌದು, ಇಲ್ಲ, ಹೌದು, ಇಲ್ಲ, ಅಷ್ಟೇ ತಾತ. ಒಂದೊಂದು ದಾರಕ್ಕೂ ಏಳು, ಬೇಡ ಎಂದು ಹೇಳುತ್ತಾ ಹೋದರೆ ಕೊನೆಗೆ ನವಿಲು ಬರುತ್ತದೆ. ನನಗೆ ಕಣ್ಣಲ್ಲಿ ನೀರು ಬಂತು. ಅಜ್ಜ ನೇಯುವುದನ್ನು ನಿಲ್ಲಿಸಿ ಮಗನಿಗೆ ತೆಲುಗಿನಲ್ಲಿ, ‘ಅಮ್ಮಾಯಿಕಿ ಮಂಚಿನೀಳ್ಳು ಇವ್ವರಾ’, ಹುಡುಗಿಗೆ ಕುಡಿಯಲು ನೀರು ಕೊಡೋ ಎಂದರು, ಪಾಪ ಬಿಸಿಲಿಗೆ ಬಳಲಿದ್ದೇನೆ ಎಂದುಕೊಂಡು.

ಅಶ್ವಥ್ ಅವರು ಓದು ಎಷ್ಟು ಎಂದು ಕೇಳಿದರು. ಹತ್ತನೆಯದು ಅರ್ಧ, ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ ಎಂದೆ. ಇಂಟರಪ್ಟ್ ಅಂದರೇನು ಎಂದರು. ಶ್ರುತಿ ಇಂಗ್ಲಿಷಿನಲ್ಲಿ ಉರು ಹೊಡೆಸಿದ್ದು ಮರೆತೇ ಹೋಯಿತು, ನಿನ್ನ ಗೊರಕೆ ಮತ್ತು ಮರಿಯ ಕೆಮ್ಮಿನ ಕಥೆ ಹೇಳಿಬಿಟ್ಟೆ. ಅವರು ನಕ್ಕು, ‘ಹಂಗಾದ್ರೆ ಈ ಉದ್ಯೋಗ ನಿಂಗೆ ಕೊಡ್ಲೋ, ನಿಮ್ ತಾತಂಗೆ ಕೊಡ್ಲೋ?’ ಎಂದರು. ಆಮೇಲೆ ಪೆಟ್ಟಿಗೆಯನ್ನು ಮೇಜಿನ ಮೇಲೆ ಹೂಡಿ, ಕುರಿಯ ಬದಲು ಕೈ ಆಡಿಸಿ ನೋಡಿದರು. ಸರಿಹೋಯಿತು, ಹಸಿರು. ಒಂದು ಕಡಿಮೆ ಮಾಡಿದರು, ಕೆಂಪು, ಒಂದು ಕೂಗು. ಆಮೇಲೆ ಹೊರಗೆ ಬಿಟ್ಟದ್ದಕ್ಕಿಂತ ಒಂದು ಹೆಚ್ಚು ಸಲ ಕೈಯನ್ನು ಒಳಗೆ ತಂದರು. ಅಷ್ಟೇ, ನನ್ನ ಪೆಟ್ಟಿಗೆ ಕೂಗಲು ಶುರು ಮಾಡಿತು ನೋಡು, ನಿಲ್ಲಿಸುವುದೇ ಇಲ್ಲ. ಬೀದಿಯ ಮಗ್ಗಗಳೆಲ್ಲ ನಿಂತವು. ‘ಏಮೈಂದಿರಾ?’, ಏನಾಯಿತೋ ಎಂದು ಪಕ್ಕದ ಮನೆಯವರು ಬಂದರು. ನಾನು ಬ್ಯಾಟರಿ ಕಿತ್ತೆ. ‘ಇದು ನನ್ನ ತಪ್ಪು. ಯಾಕೆ ಹಿಂಗಾಯ್ತು ಅಂತ ಗೊತ್ತಿಲ್ಲ. ಇಲ್ಲೇ ಕೂತು ಹುಡುಕಲಾ?’ ಎಂದು ಕೇಳಿದೆ. ಹುಡುಕು ಎಂದರು.

ಸಿಕ್ಕಿತು. ಹೋದದ್ದರಿಂದ ಬಂದದ್ದನ್ನು ಕಳೆ ಎಂದು ನಾನು ಬರೆದಿದ್ದೆ. ಆದರೆ ಅದಕ್ಕೆ ನಾನು ಕೊಟ್ಟದ್ದು ಸೊನ್ನೆಯ ಕೆಳಗೆ ಏನೂ ಇಲ್ಲದ ಥರದ ಲೆಕ್ಕ. ಬಂದದ್ದು ಹೆಚ್ಚಾದಾಗ ಅದು ಸೊನ್ನೆಯಿಂದ ಇನ್ನೊಂದು ಹೆಜ್ಜೆ ಹಿಂದೆ ಇಡಲು ಹೋಗಿ, ಹಿಂದೆ ಜಾಗವಿಲ್ಲದೆ ಸುತ್ತಿಕೊಂಡು, ತನಗೆ ಗೊತ್ತಿರುವ ಅತಿ ದೊಡ್ಡ ಸಂಖ್ಯೆಯ ಮೇಲೆ ಹೋಗಿ ಕೂತಿತ್ತು. ಒಂದೇ ಒಂದು ಹೆಚ್ಚಿಗೆ ಬಂದದ್ದಕ್ಕೆ ಅದರ ಪಾಲಿಗೆ ಜಿಲ್ಲೆಯ ಕುರಿಯೆಲ್ಲ ಕಾಣೆ! ಅಶ್ವಥ್ ಕೇಳಿದರು, ‘ಜಾಸ್ತಿ ಬಂದ್ರೆ ಏನ್ಮಾಡ್ಬೇಕು ಅಂತ ಯಾಕೆ ಬರೀಲಿಲ್ಲ? ಹೊಲದಾಗೆ ನಿಮ್ ಕುರಿ ಮರಿ ಹಾಕಲ್ವಾ?’ ಸೀರೆ ನೇಯುವವರ ಮಗ ಕುರಿ ಕಾಯುವವರ ಮೊಮ್ಮಗಳಿಗೆ ಕೇಳಿದ ಪ್ರಶ್ನೆ ಇದು. ನನಗೆ ಹೊಳೆಯಲೇ ಇಲ್ಲ ಎಂದೆ. ಆದರೆ ಯಾಕೆ ಹೊಳೆಯಲಿಲ್ಲ ಎಂದು ವಾಪಸು ಬರುವ ಬಸ್ಸಿನಲ್ಲಿ ಗೊತ್ತಾಯಿತು. ನಮ್ಮಲ್ಲಿ ಹೊಲದಲ್ಲಿ ಹುಟ್ಟಿದ ಮರಿ ಬಾಗಿಲಿನಿಂದ ನಡೆದು ಬರುವುದೇ ಇಲ್ಲ. ಅದು ನಿನ್ನ ಕಂಬಳಿಯ ಮಡಿಲಲ್ಲಿ ಬರುತ್ತದೆ, ನೀನು ಬೇಲಿಯ ಮೇಲಿನಿಂದ ಅವ್ವನ ಕೈಗೆ ಕೊಡುತ್ತೀಯ. ನಾನು ಹುಟ್ಟಿದಾಗಿಂದ ಸಂಜೆ ಹೊತ್ತು ಕೇಳಿದ್ದು ‘ಎಲ್ಲಾ ಬಂದ್ವಾ?’ ಎನ್ನುವ ಒಂದೇ ಮಾತು. ತೋಳ, ಕಳ್ಳ, ಲಾರಿ, ಎಲ್ಲವನ್ನೂ ನೆನೆದು ಪೆಟ್ಟಿಗೆ ಕಟ್ಟಿದೆ. ಹೋದದ್ದಕ್ಕಿಂತ ಹೆಚ್ಚಿಗೆ ತಿರುಗಿ ಬರುವ ಸಂಜೆಯೂ ಇರುತ್ತದೆ ಎನ್ನುವುದಕ್ಕೆ ಜಾಗವನ್ನೇ ಇಡಲಿಲ್ಲ. ನಿನ್ನೆ ಅದನ್ನು ಸರಿಮಾಡಿದೆ. ಹೆಚ್ಚಿಗೆ ಬಂದರೆ ಈಗ ಬಿಳಿ ದೀಪ ಹತ್ತುತ್ತದೆ, ಕೂಗುವುದಿಲ್ಲ.

ಅಶ್ವಥ್ ಅವರು ಕೊನೆಗೆ ಹೇಳಿದ್ದು ಇದು. ‘ಮೇಜಿನ ಮೇಲೆ ಎಲ್ಲಾ ಕೆಲ್ಸ ಮಾಡ್ತದೆ. ಧೂಳು, ನೂಕಾಟ, ಬಿಸಿಲು, ಅದ್ರಾಗೆ ತೋರ್ಸು. ಒಂದು ಹಗಲು ನಿಜವಾದ ಮಂದೆ ಬಾಗ್ಲಿಗೆ ಕಟ್ಟು, ನಾನು ಕೂತು ನೋಡ್ತೀನಿ. ಅದೇ ನಿನ್ ಎರಡ್ನೇ ಇಂಟರ್‌ವ್ಯೂ.’ ಮನೆಯ ಬಾಣಂತಿ ಕುರಿಗಳಲ್ಲಿ ನೂಕಾಟವೆಲ್ಲಿ ಬರಬೇಕು? ನನಗೆ ಗೊತ್ತಿರುವ ಮಂದೆ ಒಂದೇ. ಶ್ರುತಿಯಾಗಿದ್ದರೆ ಆಯಿತು ಸಾರ್ ಎಂದು ಬಂದುಬಿಡುತ್ತಿದ್ದಳು. ನಾನು, ‘ಮಂದೆ ನಮ್ಮ ತಾತಂದು. ಪೆಟ್ಟಿಗೆ ವಿಷಯ ಅವನಿಗೆ ಗೊತ್ತೇ ಇಲ್ಲ. ಅವನು ಬೇಡ ಅಂದ್ರೆ ನಂಗೆ ತೋರಿಸೋಕೆ ಏನೂ ಇಲ್ಲ’ ಎಂದೆ. ಅವರು ಗಡ್ಡ ಕೆರೆದುಕೊಂಡು, ‘ಸರೇ, ಅಡಿಗಿ ಚೆಪ್ಪಮ್ಮಾ’ ಎಂದರು. ಕೇಳಿ ಹೇಳು ಎಂದು. ಅದಕ್ಕೆ ಕೇಳುತ್ತಿದ್ದೇನೆ ತಾತ. ಹಬ್ಬ ಕಳೆದ ಶನಿವಾರ ಒಂದು ಹಗಲು ನಿನ್ನ ರೊಪ್ಪದ ಬಾಗಿಲಿಗೆ ನನ್ನ ಪೆಟ್ಟಿಗೆ ಕಟ್ಟಲು ಬಿಡುತ್ತೀಯಾ?

ಅದು ನಿನ್ನ ಕೈಯ ಬದಲಿಗೆ ಅಲ್ಲ. ಅದಕ್ಕೆ ಕೆಂಚಿ ಯಾರು, ಬೋರಿ ಯಾರು ಗೊತ್ತಿಲ್ಲ. ಯಾವುದಕ್ಕೆ ಜ್ವರ, ಯಾವುದು ಕುಂಟುತ್ತಿದೆ ತಿಳಿಯುವುದಿಲ್ಲ. ಏನೋ ಒಂದು ದಾಟಿತು ಎಂದಷ್ಟೇ ಅದಕ್ಕೆ ಗೊತ್ತು. ನೀನು ಎಂದಿನಂತೆ ಪಕ್ಕದಲ್ಲಿ ನಿಂತು ಬೆನ್ನು ಸವರುತ್ತಿರು, ಮತ್ತೆ ಮುದ್ದಿಗೆ ಮಾತ್ರ ಸವರು. ಬೋರಿಯನ್ನು ನೆನೆದು ಎದೆ ಹೊಡೆದುಕೊಳ್ಳುವ ಕೆಲಸವನ್ನು ಪೆಟ್ಟಿಗೆಗೆ ಬಿಡು. ಕಣ್ಣಿನ ಆಸ್ಪತ್ರೆಯ ಮಾತನ್ನು ಅವ್ವ ತೆಗೆಯುತ್ತಾಳೆ, ಅದು ಬೇರೆ ಜಗಳ, ಅದರಲ್ಲಿ ನಾನು ಅವಳ ಕಡೆ. ಅಪ್ಪ ಏನು ಹೇಳುತ್ತಾನೆ ಎಂದು ಕೇಳಬೇಡ, ‘ತಾತನ್ನ ಕೇಳು’ ಎಂದು ಟ್ರಾಕ್ಟರ್ ಹತ್ತಿ ಹೋದ.

ಕಾಗದ ಉದ್ದವಾಯಿತು, ಚಿಕ್ಕಪ್ಪನಿಗೆ ನೀರು ಕುಡಿಯಲು ಹೇಳು. ಅವ್ವ ನಿನ್ನ ಕಾಲಿಗೆ ಬಿದ್ದಳೆಂದು ಬರೆಯಲು ಹೇಳಿದ್ದಾಳೆ. ಮುರುಗೇಂದ್ರಪ್ಪನವರೂ ಕೇಳಿದರೆಂದು ತಿಳಿಸು ಎಂದರು. ನೀನು ಚೆನ್ನಾಗಿರು, ನಿನ್ನ ಕುರಿಗಳು ಅಯ್ಯ ಕೊಟ್ಟಷ್ಟೂ ಚೆನ್ನಾಗಿರಲಿ. ನನ್ನ ತಲೆಯ ಮೇಲೆ ಅಲ್ಲಿಂದಲೇ ಒಂದು ಕೈ ಇಡು.

ನಿನ್ನ ಮೊಮ್ಮಗಳು,
ಪುಷ್ಪಲತಾ

ಮರೆತಿದ್ದೆ: ಗಾದ್ರಪ್ಪಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವನು ಮತ್ತೆ ಇತ್ತ ಬರುವುದು ಮುಂದಿನ ತಿಂಗಳು, ಹಾಗಾಗಿ ಉತ್ತರ ತರುವವರಿಲ್ಲ, ಫೋನಿನಲ್ಲಿ ನಿನ್ನ ‘ಹೂಂ’ ನನಗೆ ಬೇಡ. ಶನಿವಾರ ಬೆಳಕು ಹರಿಯುವ ಹೊತ್ತಿಗೆ, ನೀನು ಕುರಿ ಬಿಡುವ ಮೊದಲು, ಅಶ್ವಥ್ ಅವರ ಕಾರಿನಲ್ಲಿ ನಾನೂ ಶ್ರುತಿಯೂ ಬಂದು ರಸ್ತೆಯಲ್ಲೇ ನಿಲ್ಲುತ್ತೇವೆ. ಬೇಡ ಎನ್ನುವುದಾದರೆ ಕಂಬಳಿಯನ್ನು ರೊಪ್ಪದ ಬಾಗಿಲಿಗೆ ಅಡ್ಡ ಹಾಕಿರು. ನಾನು ಕೆಳಗಿಳಿಯದೆ ಅವರನ್ನು ವಾಪಸು ಕರೆದುಕೊಂಡು ಹೋಗುತ್ತೇನೆ, ಯಾಕೆ ಎಂದು ಯಾವತ್ತೂ ಕೇಳುವುದಿಲ್ಲ. ಸರಿ ಎನ್ನುವುದಾದರೆ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲ ಪಕ್ಕ ನಿಂತಿರು. ಎರಡರಲ್ಲಿ ಒಂದು ಮಾಡು ತಾತ. ಯಾವುದಾದರೂ ಸರಿ. ಕಂಬಳಿಯನ್ನು ಮಡಚಿ ನೆಲಕ್ಕೆ ಹಾಕಿ, ಅದರ ಮೇಲೆ ಸುಮ್ಮನೆ ಕೂತಿರಬೇಡ.